ನಿಂತ ಹೊತ್ತು

ನಮ್ಮ ಊರಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಗಡಿಯಾರಗಳು ನಿಲ್ಲುತ್ತವೆ. ಪುರಸಭೆಯ ಗೋಪುರದ ಗಡಿಯಾರ, ಹೋಟೆಲಿನ ಗೋಡೆಯದು, ಮೇಷ್ಟ್ರ ಕೈಯಲ್ಲಿರುವುದು, ಮದುವೆಗೆ ಉಡುಗೊರೆ ಬಂದು ಡಬ್ಬಿಯಲ್ಲೇ ಉಳಿದದ್ದು, ಎಲ್ಲವೂ ಒಟ್ಟಿಗೆ. ಆಮೇಲೆ ಯಾವಾಗಲೋ, ಯಾರೂ ಹೇಳದೆ, ಒಟ್ಟಿಗೇ ಮತ್ತೆ ನಡೆಯತೊಡಗುತ್ತವೆ. ಆ ನಡುವೆ ನೆರಳು ಜಗಲಿಯಿಂದ ಅಂಗಳಕ್ಕೆ ಇಳಿದಿರುತ್ತದೆ, ಒಲೆಯ ಮೇಲಿಟ್ಟ ಅನ್ನ ಬೆಂದಿರುತ್ತದೆ, ಮಲಗಿಸಿದ ಕೂಸು ಒಂದು ನಿದ್ದೆ ಮುಗಿಸಿ ಎದ್ದಿರುತ್ತದೆ. ಮುಳ್ಳು ಮಾತ್ರ ಒಂದರ ಮೇಲೇ ಇರುತ್ತದೆ. ಹಿಂದೆ ಬಿದ್ದ ಹೊತ್ತನ್ನು ಗಡಿಯಾರಗಳು ನಾವು ಮಲಗಿದ ಮೇಲೆ ಓಡಿ ಸರಿಮಾಡಿಕೊಳ್ಳುತ್ತವೆ ಎನ್ನುತ್ತಾರೆ. ಬೆಳಗ್ಗೆ ಎದ್ದು ನೋಡಿದರೆ ಹೊಳೆಯಾಚೆಯ ಊರುಗಳ ಹೊತ್ತಿಗೂ ನಮ್ಮದಕ್ಕೂ ವ್ಯತ್ಯಾಸ ಇರುವುದಿಲ್ಲ.

ಇದನ್ನು ನಾವು ನಿಂತ ಹೊತ್ತು ಎನ್ನುತ್ತೇವೆ. ಇಲ್ಲಿ ಹುಟ್ಟಿದವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಹೊಳೆಯಾಚೆಯಿಂದ ಬರುವ ಬಸ್ಸಿನ ಡ್ರೈವರ್ ಒಂದು ಗಂಟೆಯಾದರೆ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚುತ್ತಾನೆ. ಡಾಕ್ಟರು ಆಗ ರೋಗಿಯ ನಾಡಿ ಹಿಡಿದರೂ ಎಣಿಸುವುದಿಲ್ಲ, ಕಣ್ಣು ಮುಚ್ಚಿ ಸುಮ್ಮನೆ ಹಿಡಿದುಕೊಂಡಿರುತ್ತಾರೆ. ಆ ಹೊತ್ತಿನಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಜೋಯಿಸರು ಒಂದೇ ಗಳಿಗೆಯ ಜಾತಕ ಬರೆಯುತ್ತಾರೆ. ಶಾಲೆಯಲ್ಲಿ ಮಕ್ಕಳು ಗಡಿಯಾರ ನಡೆಯುವವರೆಗೂ ಆಡುತ್ತಿರುತ್ತವೆ, ಮೇಷ್ಟ್ರು ಬೆಂಚಿನ ಮೇಲೆ ಒರಗಿರುತ್ತಾರೆ. ಎಲ್ಲರಿಗೂ ಅದೊಂದು ಬಿಟ್ಟಿ ಹೊತ್ತು. ಬಿಟ್ಟಿ ಎಂದುಕೊಂಡದ್ದೇ ನಮ್ಮ ತಪ್ಪಾಯಿತೇನೋ ಎಂದು ಈಗ ಅನ್ನಿಸುತ್ತದೆ.

ನಾನು ಗುಂಡಿ ಕಾರ್ಖಾನೆಯಲ್ಲಿ ಟೈಮ್‌ಕೀಪರ್. ಹೆಸರು ರಂಗಧಾಮಯ್ಯ. ತೆಂಗಿನ ಕರಟದಿಂದ ಅಂಗಿ ಗುಂಡಿ ಮಾಡುವ ಕಾರ್ಖಾನೆ ಅದು. ಗಂಡಸರು ಕರಟ ಕತ್ತರಿಸಿ ಬಿಲ್ಲೆ ತೆಗೆಯುತ್ತಾರೆ. ಹೆಂಗಸರು ಬೈರಿಗೆ ಯಂತ್ರದ ಮುಂದೆ ಸಾಲಾಗಿ ನಿಂತು ಒಂದೊಂದು ಬಿಲ್ಲೆಗೆ ನಾಲ್ಕು ನಾಲ್ಕು ತೂತು ಕೊರೆಯುತ್ತಾರೆ. ಕೂತು ಕೊರೆಯಲು ಬರುವುದಿಲ್ಲ, ಯಂತ್ರದ ಎತ್ತರ ಹಾಗಿದೆ. ಸಂಜೆ ಹೊರಗೆ ಬರುವಾಗ ಅವರ ರೆಪ್ಪೆಯ ಮೇಲೆಲ್ಲ ಕಂದು ಪುಡಿ. ನನ್ನ ಕೆಲಸ ಬಾಗಿಲ ಪಕ್ಕದ ಕೋಣೆಯಲ್ಲಿ. ಹಾಜರಿ ಹಾಕಬೇಕು, ಯಾರ ಟ್ರೇ ಎಷ್ಟು ಗಂಟೆಗೆ ತುಂಬಿತು ಎಂದು ಚೀಟಿ ಬರೆಯಬೇಕು, ಹೊತ್ತು ಹೊತ್ತಿಗೆ ಮಾಡಿಗೆ ನೇತುಹಾಕಿದ ರೈಲು ಕಂಬಿಯ ತುಂಡನ್ನು ಸುತ್ತಿಗೆಯಿಂದ ಹೊಡೆಯಬೇಕು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ್ದೇನೆ.

ಕೆಲಸ ಬೆಳಗ್ಗೆ ಎಂಟಕ್ಕೆ ಶುರು. ಒಂದು ಗಂಟೆಗೆ ಕಂಬಿ ಹೊಡೆದರೆ ಯಂತ್ರಗಳು ನಿಲ್ಲುತ್ತಿದ್ದವು. ಎಲ್ಲರೂ ಬುತ್ತಿ ತೆಗೆದುಕೊಂಡು ಹಿಂದಿನ ಹೊಂಗೆಮರದ ಕೆಳಗೆ ಹೋಗುತ್ತಿದ್ದರು. ಉಣ್ಣುವುದು, ಕಾಲು ಚಾಚಿ ಮಲಗುವುದು, ಒಬ್ಬರ ತಲೆ ಒಬ್ಬರು ನೋಡುವುದು, ಎಲ್ಲ ಆಗುತ್ತಿತ್ತು. ಮುಳ್ಳು ಅಲುಗಿದ ಕೂಡಲೇ ನಾನು ಮತ್ತೆ ಕಂಬಿ ಹೊಡೆದರೆ ಒಳಗೆ ಬಂದು ನಾಲ್ಕರವರೆಗೆ ದುಡಿದು ಮನೆಗೆ ಹೋಗುತ್ತಿದ್ದರು. ಹಳೇ ಮಾಲೀಕರು ಧನಪಾಲಯ್ಯನವರ ಕಾಲದಿಂದ ಹೀಗೇ ನಡೆದುಕೊಂಡು ಬಂದಿತ್ತು. ಯಾರೂ ಕೇಳಿ ಪಡೆದದ್ದಲ್ಲ, ಯಾರೂ ಬರೆದುಕೊಟ್ಟದ್ದೂ ಅಲ್ಲ.

ಧನಪಾಲಯ್ಯನವರು ತೀರಿಕೊಂಡ ಮೇಲೆ ಅವರ ಮಗ ಬೇರೆ ಊರಿನಲ್ಲಿದ್ದುಕೊಂಡೇ ಒಬ್ಬ ಮ್ಯಾನೇಜರನ್ನು ಕಳಿಸಿದರು. ವಾಸುದೇವಮೂರ್ತಿ ಎಂದು ಹೆಸರು. ಕೆಟ್ಟ ಮನುಷ್ಯ ಎನ್ನಲಾರೆ. ಯಾರನ್ನೂ ಏಕವಚನದಲ್ಲಿ ಕರೆದವರಲ್ಲ, ಹಬ್ಬದ ದಿನ ಎಲ್ಲರಿಗೂ ತಮ್ಮ ಕೈಯಾರೆ ಸಿಹಿ ಹಂಚಿದರು. ಬಂದ ಎರಡು ತಿಂಗಳಿಗೆ ಒಂದು ದಿನ ಬೆಳಗ್ಗೆ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದರು. ಕೈಯಲ್ಲಿ ಕಾನೂನಿನ ಪುಸ್ತಕವಿತ್ತು.

"ನೋಡಿ, ಒಂದೇ ಸಮ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಬಾರದು, ಮಧ್ಯೆ ಕಡಿಮೆ ಅಂದರೂ ಅರ್ಧ ಗಂಟೆ ಬಿಡುವು ಕೊಡಬೇಕು ಅಂತ ಕಾನೂನು ಹೇಳುತ್ತೆ. ನಿಮಗೆ ಇಷ್ಟು ವರ್ಷ ಅದು ಸಿಕ್ಕೇ ಇಲ್ಲ. ಒಂದು ಗಂಟೆಗೆ ಬಿಡುತ್ತಿದ್ದರು, ಒಂದು ಗಂಟೆಗೇ ಕರೆಯುತ್ತಿದ್ದರು. ಅದು ಬಿಡುವೇ ಅಲ್ಲ. ನಾಳೆಯಿಂದ ನಿಮಗೆ ಒಂದರಿಂದ ಒಂದೂವರೆವರೆಗೆ, ಗಡಿಯಾರದಲ್ಲಿ ಕಾಣುವ ಹಾಗೆ, ಪೂರ್ತಿ ಅರ್ಧ ಗಂಟೆ ಬಿಡುವು. ನಾಲ್ಕೂವರೆಗೆ ಮನೆಗೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲವರು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಿಂದ ಹೊನ್ನಮ್ಮ ಕೈ ಎತ್ತಿದಳು. ಬೈರಿಗೆ ಸಾಲಿನಲ್ಲಿ ಅವಳೇ ಹಿರಿಯಳು, ಐವತ್ತು ದಾಟಿದ್ದಳು. ಗಂಡ ಸತ್ತ ವರ್ಷ ಕೆಲಸಕ್ಕೆ ಸೇರಿದವಳು. ಮಾತು ಕಡಿಮೆ, ಆಡಿದರೆ ನೆಟ್ಟಗೆ.

"ಸಾರ್, ಮತ್ತೆ ಆ ನಿಂತ್ ಹೊತ್ನಾಗೆ ಏನ್ ಮಾಡೋದು?"

"ಯಂತ್ರ ನಡೀತಿರುತ್ತಮ್ಮ. ಗಡಿಯಾರ ಹೊರಟ ಮೇಲೆ ನಿಮ್ಮ ಅರ್ಧ ಗಂಟೆ ಶುರು."

"ಹಂಗಾದ್ರೆ ಆ ಹೊತ್ತೂ ದುಡೀಬೇಕು."

ಮೂರ್ತಿಯವರು ನಕ್ಕರು. "ಯಾವ ಹೊತ್ತು? ಒಂದು ಗಂಟೆ ಆಗಿರುತ್ತೆ, ಆಮೇಲೂ ಒಂದೇ ಗಂಟೆ ಆಗಿರುತ್ತೆ. ಇಲ್ಲದ ಹೊತ್ತಿನಲ್ಲಿ ದಣಿವು ಎಲ್ಲಿಂದ ಬರುತ್ತೆ, ನೀವೇ ಹೇಳಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊನ್ನಮ್ಮ ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು.

ಮರುದಿನದಿಂದ ಅದೇ ಆಯಿತು. ಎಂಟಕ್ಕೆ ನಿಂತವರು ಒಂದು ಗಂಟೆಯಾದರೂ ನಿಂತೇ ಇದ್ದರು. ಮಲಗಿದ್ದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಕಳೆದುಹೋಗುತ್ತಿದ್ದ ನಿಂತ ಹೊತ್ತು, ಯಂತ್ರದ ಮುಂದೆ ನಿಂತಾಗ ಮುಗಿಯುವುದೇ ಇಲ್ಲ. ಎಷ್ಟು ಹೊತ್ತಾಯಿತು ಎಂದು ಕೇಳುವ ಹಾಗಿಲ್ಲ. ಇನ್ನೆಷ್ಟು ಇದೆ ಎಂದೂ ಕೇಳುವ ಹಾಗಿಲ್ಲ. ಯಾರ ಬಾಯಲ್ಲೂ ಮಾತಿರುತ್ತಿರಲಿಲ್ಲ, ಬೈರಿಗೆಯ ಕಿರ್ರೆನ್ನುವ ಸದ್ದೊಂದೇ. ನೀರಿಗೆ, ಬಚ್ಚಲಿಗೆ ಹೋಗಬೇಕಾದರೂ 'ಇನ್ನೇನು ಬಿಡುವು ಬರುತ್ತಲ್ಲಮ್ಮ' ಎನ್ನುತ್ತಿದ್ದ ಸೂಪರ್‌ವೈಸರ್. ಹೆಂಗಸರು ಬೆಳಗ್ಗೆ ನೀರು ಕುಡಿಯುವುದನ್ನೇ ಬಿಟ್ಟರು. ಮುಳ್ಳು ಅಲುಗಿ ನಾನು ಕಂಬಿ ಹೊಡೆದಾಗ ಮೊದಲಿನಂತೆ ಮರದ ಕೆಳಗೆ ಓಡುವವರಿರಲಿಲ್ಲ. ಯಂತ್ರದ ಬುಡದಲ್ಲೇ ಕುಸಿದು ಕೂತು ಎರಡು ತುತ್ತು ತಿನ್ನುವಷ್ಟರಲ್ಲಿ ಒಂದೂವರೆ.

ಆದರೂ ಹಾಜರಿ ಪುಸ್ತಕ ನೋಡಿದರೆ ನಮ್ಮಷ್ಟು ಕಾನೂನಿಗೆ ತಲೆಬಾಗಿದ ಕಾರ್ಖಾನೆ ಸುತ್ತ ಎಲ್ಲೂ ಇರಲಿಲ್ಲ. ಎಂಟರಿಂದ ಒಂದು, ಐದು ಗಂಟೆ. ಒಂದರಿಂದ ಒಂದೂವರೆ, ಬಿಡುವು. ಒಂದೂವರೆಯಿಂದ ನಾಲ್ಕೂವರೆ, ಮೂರು ಗಂಟೆ. ನನ್ನ ಅಕ್ಷರ ದುಂಡಗಿದೆ, ಸಾಲು ಸೊಟ್ಟಗಾಗುವುದಿಲ್ಲ. ಪುಟ ತಿರುವಿದಾಗ ನನಗೇ ಖುಷಿಯಾಗುತ್ತಿತ್ತು.

ಹೊನ್ನಮ್ಮನ ಪಕ್ಕದ ಯಂತ್ರ ಜಯಶೀಲಳದು. ಮೂವತ್ತೈದರ ಹೆಂಗಸು, ಎರಡು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಗ್ಗೆ ಮಾತ್ರೆ ನುಂಗಿ ಬಂದರೆ ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು, ಇಲ್ಲದಿದ್ದರೆ ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ. ಅವಳು ನನ್ನ ಕೋಣೆಗೆ ಬಂದು, "ರಂಗಧಾಮಣ್ಣ, ಒಂದು ಗಂಟೆಗೆ ನಂಗೊಬ್ಳಿಗೆ ಒಂದ್ ರೊಟ್ಟಿ ತಿನ್ನಾಕೆ ಬಿಡಿಸ್ಕೊಡು, ಮ್ಯಾನೇಜರಿಗೆ ಒಂದ್ ಮಾತು ಹೇಳು" ಎಂದು ಕೇಳಿದ್ದಳು. ಹೇಳುತ್ತೇನೆ ಎಂದಿದ್ದೆ. ಹೇಳಲಿಲ್ಲ. ಒಬ್ಬಳಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಎಂದು ಅವರು ಅಂದಾರು ಎಂದು ನಾನೇ ಅಂದುಕೊಂಡು ಸುಮ್ಮನಾದೆ.

ಹೊಸ ಪದ್ಧತಿ ಬಂದು ಎಂಟನೇ ವಾರ ಅದಾಯಿತು. ನಾನು ನನ್ನ ಕೋಣೆಯಲ್ಲಿ ಗಡಿಯಾರದ ಮುಂದೆ ನಿಂತಿದ್ದೆ. ಮುಳ್ಳು ಯಾವಾಗ ಅಲುಗುತ್ತದೋ ಗೊತ್ತಾಗದ್ದರಿಂದ ಆ ಹೊತ್ತಿನಲ್ಲಿ ನಾನು ಅದರಿಂದ ಕಣ್ಣು ಕೀಳುವಂತಿರಲಿಲ್ಲ. ಬೈರಿಗೆಗಳ ಸದ್ದಿನ ನಡುವೆ ಒಂದು ಸದ್ದು ಬೇರೆಯಾಯಿತು. ಆಮೇಲೆ ಹೊನ್ನಮ್ಮನ ಕೂಗು. ಓಡಿಹೋದೆ. ಜಯಶೀಲ ಯಂತ್ರದ ಮೇಲೆ ಮಗುಚಿ ಬಿದ್ದಿದ್ದಳು. ಎಡಗೈಯ ಎರಡು ಬೆರಳು ಬೈರಿಗೆಯ ಕೆಳಗೆ ಸಿಕ್ಕಿದ್ದವು. ಹೊನ್ನಮ್ಮ ಒಂದು ಕೈಯಿಂದ ಯಂತ್ರದ ಪಟ್ಟಿ ಜಾರಿಸಿ ನಿಲ್ಲಿಸಿ, ಇನ್ನೊಂದು ಕೈಯಲ್ಲಿ ಅವಳ ತಲೆ ಹಿಡಿದುಕೊಂಡಿದ್ದಳು. ಅವಳ ಬಾಯಿಗೆ ಬೆಲ್ಲ ಇಡಿ ಎಂದು ಯಾರೋ ಅಂದರು, ಯಾರೋ ಸೆರಗು ಹರಿದು ಕೊಟ್ಟರು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಗಾಯ ತೊಳೆದು, ಹೊಲಿಗೆ ಹಾಕಿ ಮುಗಿಸಿದ ಮೇಲೆ ನನ್ನ ಕಣ್ಣು ಅವರ ಗೋಡೆಯ ಗಡಿಯಾರದ ಮೇಲೆ ಹೋಯಿತು. ಒಂದು ಗಂಟೆ.

ಸಂಜೆ ಮೂರ್ತಿಯವರು ನನ್ನನ್ನು ಕರೆದರು. ಅವರ ಮುಖವೂ ಬಾಡಿತ್ತು. ಅಪಘಾತದ ಪುಸ್ತಕ ಮೇಜಿನ ಮೇಲಿತ್ತು.

"ಎಷ್ಟು ಗಂಟೆಗೆ ಆಗಿದ್ದು?"

"ಒಂದು ಗಂಟೆಗೆ ಸಾರ್."

"ಒಂದು ಗಂಟೆಗೆ ಬಿಡುವು ಶುರುವಾಗುತ್ತೆ. ಪುಸ್ತಕದಲ್ಲಿ ಹಾಗೇ ಇದೆ ತಾನೆ? ಬಿಡುವಿನಲ್ಲಿ ಯಂತ್ರದ ಹತ್ತಿರ ಆಕೆಗೆ ಏನು ಕೆಲಸ? ನೀವು ಇದ್ದದ್ದು ಇದ್ದ ಹಾಗೆ ಬರೆಯಿರಿ. ನಾನು ಸುಳ್ಳು ಬರೆಯಲು ಹೇಳುತ್ತಿಲ್ಲ."

ಬರೆದೆ. 'ಮಧ್ಯಾಹ್ನ ಒಂದು ಗಂಟೆ. ಬಿಡುವಿನ ವೇಳೆ.' ಅಷ್ಟು ವರ್ಷ ಗಡಿಯಾರ ತೋರಿಸಿದ್ದನ್ನೇ ಬರೆದವನು ನಾನು, ಆ ದಿನವೂ ಗಡಿಯಾರ ತೋರಿಸಿದ್ದನ್ನೇ ಬರೆದೆ. ಹಾಗೆಂದು ನನಗೆ ನಾನೇ ಹೇಳಿಕೊಂಡು ಮನೆಗೆ ಹೋದೆ.

ಪುಸ್ತಕದಲ್ಲಿ ಹಾಗೆ ಬರೆದದ್ದರಿಂದ ಜಯಶೀಲಳಿಗೆ ಕಾರ್ಖಾನೆಯಿಂದ ಔಷಧಿಯ ಖರ್ಚೂ ಇಲ್ಲ, ರಜೆಯೂ ಇಲ್ಲ ಎಂದಾಯಿತು. ನಿಯಮ ಮೀರಿ ಯಂತ್ರ ಮುಟ್ಟಿದ್ದಕ್ಕೆ ವಿವರಣೆ ಕೊಡಬೇಕೆಂದು ಅವಳ ಮನೆಗೇ ಕಾಗದ ಹೋಯಿತು. ಕಾಗದ ಹೋದ ಮರುದಿನ ಹೊನ್ನಮ್ಮ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ಕೊಟ್ಟ ಕಾಫಿಯನ್ನು ಮುಟ್ಟದೆ ಪಕ್ಕಕ್ಕಿಟ್ಟಳು.

"ಬಿಡುವಿನಾಗೆ ಆಗಿದ್ದು ಅಂತ ಬರ್ದಿದ್ದೀಯಂತೆ."

"ಗಡಿಯಾರ ಒಂದು ತೋರಿಸ್ತಿತ್ತು ಹೊನ್ನಮ್ಮ. ನಾನೇನು ಮಾಡ್ಲಿ?"

"ಗಡಿಯಾರ ನೋಡ್ದೆ ಸರಿ. ಅವಳನ್ನ ನೋಡ್ಲಿಲ್ವಾ? ನೀನೇ ಅಲ್ವಾ ಅವಳ ಕಾಲು ಹಿಡ್ಕಂಡು ಎತ್ತಿದ್ದು? ಬಿಡುವಿನಾಗಿದ್ಲಾ ಅವಳು?"

ನಾನು ಕಾಫಿ ಲೋಟವನ್ನು ಅವಳ ಕಡೆಗೆ ಸರಿಸಿದೆ.

"ನಂಗೆ ನಿನ್ ಮೇಲೆ ಸಿಟ್ಟಿಲ್ಲ ಕಣಣ್ಣ," ಎಂದಳು. "ಮೂರ್ತಿ ಸಾರ್ ಮೇಲೂ ಇಲ್ಲ. ಅವ್ರು ಪುಸ್ತಕ ತೋರ್ಸಿ ಕಾನೂನು ಅಂದ್ರಲ್ಲ, ಆ ಕಾನೂನು ಕೇಳೋ ಆಫೀಸು ಹೊಳೆ ಆಚೆ ಐತಂತೆ. ಅಲ್ಲಿಗೊಂದ್ ಅರ್ಜಿ ಬರ್ದುಕೊಡು. ನಿನ್ ಅಕ್ಷರ ಚೆನ್ನಾಗೈತೆ."

"ನನ್ನ ಅಕ್ಷರ ಎಲ್ಲರಿಗೂ ಗೊತ್ತು, ಹೊನ್ನಮ್ಮ."

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. "ಹೂಂ, ಅದೂ ನಿಜಾನೆ" ಎಂದು ಎದ್ದಳು. ಬಾಗಿಲ ಹತ್ತಿರ ನಿಂತು, ಕಾಫಿ ಆರಿಹೋಯಿತು, ಬೇಜಾರು ಮಾಡಿಕೊಳ್ಳಬೇಡ ಎಂದು ನನ್ನ ಹೆಂಡತಿಗೆ ಹೇಳಿ ಹೋದಳು.

ಅರ್ಜಿಯನ್ನು ಅವಳೇ ಬರೆದಳು. ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಮುಂದೆ ವಿಚಾರಣೆಯ ದಿನ ನಾನು ಆ ಹಾಳೆಯನ್ನು ಕಣ್ಣಾರೆ ನೋಡಿದೆ. 'ನಾವು ಎಂಟು ಗಂಟೆಗೆ ನಿಲ್ಲುತ್ತೇವೆ. ಒಂದು ಗಂಟೆಗೆ ಗಡಿಯಾರ ನಿಲ್ಲುತ್ತದೆ. ಆಮೇಲೂ ನಾವು ನಿಂತೇ ಇರುತ್ತೇವೆ. ಎಷ್ಟು ಹೊತ್ತು ಎಂದು ನಮಗೆ ಗೊತ್ತಿಲ್ಲ. ನೀವು ಬಂದು ನಿಂತು ನೋಡಬೇಕು.' ಕೆಳಗೆ ಹತ್ತೊಂಬತ್ತು ಹೆಂಗಸರ ಸಹಿ, ಹೆಬ್ಬೆಟ್ಟು. ಹೆಬ್ಬೆಟ್ಟುಗಳಲ್ಲಿ ಶಾಯಿಯ ಜೊತೆ ಕರಟದ ಪುಡಿಯೂ ಅಂಟಿಕೊಂಡಿತ್ತು.

ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಬಂದರು. ಮೆಹರುನ್ನೀಸಾ ಎಂದು ಹೆಸರು. ನಲವತ್ತರ ಆಸುಪಾಸು, ಕೈಯಲ್ಲಿ ಹಳೆಯ ಚರ್ಮದ ಚೀಲ, ಕಾಲಿಗೆ ಕ್ಯಾನ್ವಾಸ್ ಶೂ. ಮೂರ್ತಿಯವರು ಕುರ್ಚಿ ತರಿಸಿದರು. ಅವರು ಕೂರಲಿಲ್ಲ. ಹನ್ನೆರಡೂವರೆಗೆ ಬೈರಿಗೆ ಸಾಲಿಗೆ ಹೋಗಿ ಹೊನ್ನಮ್ಮನ ಪಕ್ಕ, ಜಯಶೀಲಳ ಖಾಲಿ ಯಂತ್ರದ ಮುಂದೆ ನಿಂತರು. ಒಂದು ಗಂಟೆಯಾಯಿತು. ಅವರ ಕೈಗಡಿಯಾರವೂ ನಿಂತಿತು. ಅವರು ಅದನ್ನು ಒಮ್ಮೆ ಅಲುಗಿಸಿ, ಕಿವಿಗೆ ಹಿಡಿದು, ಆಮೇಲೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡರು. ಹಾಗೇ ನಿಂತರು. ಮೊದಮೊದಲು ಏನೋ ಬರೆದುಕೊಳ್ಳುತ್ತಿದ್ದರು. ಆಮೇಲೆ ಬರೆಯುವುದು ನಿಂತಿತು. ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಾಯಿಸತೊಡಗಿದರು. ಹೊನ್ನಮ್ಮ ಬಿಲ್ಲೆಯಿಂದ ಕಣ್ಣೆತ್ತದೆ, "ಹಿಮ್ಮಡಿ ಮೇಲೆ ಭಾರ ಬಿಡಬ್ಯಾಡಿ ಮೇಡಂ, ಸೊಂಟ ಹಿಡೀತದೆ" ಎಂದಳು.

ಮುಳ್ಳು ಅಲುಗಿದ ಮೇಲೆ ಎಲ್ಲರೂ ಮೂರ್ತಿಯವರ ಕೋಣೆಯಲ್ಲಿ ಸೇರಿದೆವು. ಕೈಗೆ ಬಟ್ಟೆ ಸುತ್ತಿಕೊಂಡ ಜಯಶೀಲಳೂ ಬಂದಿದ್ದಳು. ಮೂರ್ತಿಯವರು ಪುಸ್ತಕಗಳನ್ನು ಬಿಡಿಸಿಟ್ಟು ಶಾಂತವಾಗಿಯೇ ಮಾತಾಡಿದರು.

"ಮೇಡಂ, ಕಾನೂನು ಗಂಟೆ ಎನ್ನುತ್ತೆ. ಗಂಟೆ ಎಂದರೆ ಗಡಿಯಾರದ ಗಂಟೆ. ನಮ್ಮಲ್ಲಿ ಐದು ಗಂಟೆಗಿಂತ ಒಂದು ನಿಮಿಷ ಹೆಚ್ಚು ಕೆಲಸ ಆಗಿದೆ ಎಂದು ಯಾವ ಗಡಿಯಾರದಲ್ಲಾದರೂ ತೋರಿಸಲಿ, ನಾನು ತಪ್ಪು ಒಪ್ಪಿಕೊಳ್ಳುತ್ತೇನೆ."

ಇನ್‌ಸ್ಪೆಕ್ಟರ್ ತುಂಬ ಹೊತ್ತು ಪುಟ ತಿರುವಿದರು. ಆಮೇಲೆ ಹೊನ್ನಮ್ಮನ ಕಡೆ ತಿರುಗಿ, "ಅಮ್ಮ, ನಾನೇ ನಿಂತು ನೋಡಿದೆ. ನನ್ನ ಕಾಲೂ ನೋಯುತ್ತಿದೆ. ಆದರೆ ನನ್ನ ಕಾಲುನೋವನ್ನು ಆದೇಶದಲ್ಲಿ ಬರೆಯಲಾಗುವುದಿಲ್ಲ. ಅದು ಎಷ್ಟು ಹೊತ್ತು ಅಂತ ಹೇಳಲಿಕ್ಕೆ ಏನಾದರೂ ಅಳತೆ ಬೇಕು. ಮಳೆ ಬಂದರೆ ಬೊಗಸೆಯಲ್ಲಾದರೂ ಹಿಡಿದು ತೋರಿಸಬೇಕಲ್ಲ" ಎಂದರು. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು.

ಹೊನ್ನಮ್ಮ ನಿಂತಲ್ಲೇ ತಲೆ ತಗ್ಗಿಸಿದಳು. ಹೊರಟುಹೋಗುವಳೇನೋ ಎಂದುಕೊಂಡೆ. ಅವಳು ಮಡಿಲಿಗೆ ಕೈ ಹಾಕಿದಳು. ಬೈರಿಗೆ ಕೆಲಸದವರ ಮಡಿಲಲ್ಲಿ ಯಾವಾಗಲೂ ಒಂದಷ್ಟು ಬಿಲ್ಲೆ ಸಿಡಿದು ಬಿದ್ದಿರುತ್ತವೆ. ಒಂದು ಹಿಡಿ ತೆಗೆದು ಮೇಜಿನ ಮೇಲೆ ಸುರಿದಳು. ಗುಂಡಿಗಳು ಉರುಳಿ ಪುಸ್ತಕದ ಅಂಚಿಗೆ ತಾಗಿ ನಿಂತವು.

"ಇವು ಯಾವಾಗ ತೂತಾದ್ವು ಸಾರ್?"

ಮೂರ್ತಿಯವರಿಗೆ ಅರ್ಥವಾಗಲಿಲ್ಲ. "ಅಂದರೆ?"

"ಈಗ, ಮೇಡಮ್ಮೋರು ನನ್ ಪಕ್ದಾಗೆ ನಿಂತಿದ್ರಲ್ಲ, ಆವಾಗ ಕೊರ್ದಿದ್ದು. ಹೊತ್ತೇ ಇಲ್ಲ ಅಂತೀರಲ್ಲ. ಹೊತ್ತಿಲ್ದೆ ಇವು ಹೆಂಗಾದ್ವು? ಒಂದೊಂದಕ್ಕೂ ನಾಲ್ಕ್ ನಾಲ್ಕ್ ತೂತು ಐತೆ ನೋಡಿ."

ಇನ್‌ಸ್ಪೆಕ್ಟರ್ ಒಂದು ಗುಂಡಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. "ಒಬ್ಬರು ಒಂದು ಗಂಟೆಯಲ್ಲಿ ಎಷ್ಟು ಕೊರೆಯುತ್ತಾರೆ?"

"ಒಂದ್ ಟ್ರೇ," ಎಂದಳು ಹೊನ್ನಮ್ಮ. "ಕೈ ಪಳಗಿದ್ ಮೇಲೆ ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ."

"ಯಾವ ಟ್ರೇ ಯಾವಾಗ ತುಂಬಿತು ಎಂದು ಯಾರಾದರೂ ಬರೆದಿಡುತ್ತಾರೆಯೇ?"

ಯಾರೂ ನನ್ನ ಹೆಸರು ಹೇಳಲಿಲ್ಲ. ಹೊನ್ನಮ್ಮ ನನ್ನ ಕಡೆ ನೋಡಲೂ ಇಲ್ಲ, ಅದು ನನಗೆ ಚೆನ್ನಾಗಿ ನೆನಪಿದೆ. ಅವಳು ಗೋಡೆ ನೋಡುತ್ತಾ ನಿಂತಿದ್ದಳು. ನನ್ನನ್ನು ನೋಡುತ್ತಿದ್ದವರು ಮೂರ್ತಿಯವರು. ಅವರ ನೋಟದಲ್ಲಿ ಬೆದರಿಕೆ ಇರಲಿಲ್ಲ. ಜೊತೆಗೆ ಕೆಲಸ ಮಾಡುವವನ ಮೇಲೆ ಇಡುವಂಥ ನಂಬಿಕೆಯಿತ್ತು. ಬೆದರಿಕೆಯಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಾನು ಬರೆದಿಡುತ್ತೇನೆ ಮೇಡಂ," ಎಂದೆ. "ಚೀಟಿಗಳೆಲ್ಲ ನನ್ನ ಕೋಣೆಯಲ್ಲಿವೆ."

ದಾರಕ್ಕೆ ಪೋಣಿಸಿಟ್ಟ ಚೀಟಿಗಳ ಕಟ್ಟನ್ನು ತಂದುಕೊಟ್ಟೆ. ಪ್ರತಿ ಹೆಂಗಸಿನ ಹೆಸರಿನಲ್ಲೂ ಒಂಬತ್ತಕ್ಕೆ ಒಂದು ಟ್ರೇ, ಹತ್ತಕ್ಕೆ ಒಂದು, ಹನ್ನೊಂದಕ್ಕೆ ಒಂದು, ಹನ್ನೆರಡಕ್ಕೆ ಒಂದು. ಒಂದು ಗಂಟೆಗೆ ಎರಡು. ಎರಡನೆಯದು ಕೆಲವು ದಿನ ತುಂಬಿದ ಟ್ರೇ, ಕೆಲವು ದಿನ ಮುಕ್ಕಾಲು. ಮುಕ್ಕಾಲಿಗಿಂತ ಕಡಿಮೆ ಅಷ್ಟು ವಾರಗಳಲ್ಲಿ ಒಂದು ದಿನವೂ ಇರಲಿಲ್ಲ. ಅವುಗಳನ್ನೆಲ್ಲ ನಾನೇ ಬರೆದಿದ್ದೆ, ದಿನಾ ಬರೆದಿದ್ದೆ. ಒಂದು ಗಂಟೆಯ ಕೆಳಗೆ ಇನ್ನೊಂದು ಒಂದು ಗಂಟೆ. ನನ್ನ ಕಣ್ಣಿಗೆ ಅದು ಕಂಡೇ ಇರಲಿಲ್ಲ.

ಇನ್‌ಸ್ಪೆಕ್ಟರ್ ಚೀಟಿಗಳನ್ನು ಒಂದೊಂದಾಗಿ ನೋಡಿ ಮುಗಿಸಿದರು. "ಈ ಎರಡನೇ ಟ್ರೇಯ ಗುಂಡಿಗಳು ಎಲ್ಲಿವೆ?" ಎಂದು ಕೇಳಿದರು.

"ಆರ್ಡರಿಗೆ ಹೋದವು," ಎಂದರು ಮೂರ್ತಿಯವರು.

"ಅಂದರೆ ಕೊಂಡವರಿಗೆ ಅವು ಇವೆ. ಮಾಡಿದವರಿಗೆ ಮಾತ್ರ ಇಲ್ಲ."

ಮೂರ್ತಿಯವರು ಮೇಜಿನ ಮೇಲಿದ್ದ ಗುಂಡಿಗಳನ್ನು ಬೆರಳಿನಿಂದ ಸಾಲಾಗಿ ಜೋಡಿಸತೊಡಗಿದರು. ಅವರಿಗೂ ಅದು ಅಲ್ಲಿಯವರೆಗೆ ನಿಜವಾಗಿ ಕಂಡಿರಲಿಲ್ಲ ಎಂದೇ ನನ್ನ ನಂಬಿಕೆ.

ಆಗಲೇ ನಾನು ಇನ್ನೊಂದು ಮಾತನ್ನೂ ಹೇಳಿದೆ. ಯಾರೂ ಕೇಳಿರಲಿಲ್ಲ. "ಮೇಡಂ, ಅಪಘಾತದ ಪುಸ್ತಕದಲ್ಲಿ ಬಿಡುವಿನ ವೇಳೆ ಎಂದು ಬರೆದವನು ನಾನು. ಆಕೆ ಬಿಡುವಿನಲ್ಲಿ ಇರಲಿಲ್ಲ. ಐದು ಗಂಟೆ ದುಡಿದ ಮೇಲೂ ಉಣ್ಣದೆ ನಿಂತಿದ್ದಳು. ಒಂದು ರೊಟ್ಟಿ ತಿನ್ನಲು ಬಿಡಿಸಿಕೊಡು ಎಂದು ನನ್ನನ್ನೇ ಕೇಳಿದ್ದಳು."

ಜಯಶೀಲ ಅಳಲು ಶುರುಮಾಡಿದಳು. ಹೊನ್ನಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು. ಆಗಲೂ ನನ್ನ ಕಡೆ ನೋಡಲಿಲ್ಲ.

ಮೂರು ವಾರಕ್ಕೆ ಆದೇಶ ಬಂತು. ಉದ್ದವಾಗಿತ್ತು. ನಮಗೆ ಬೇಕಾದದ್ದು ಅದರ ಎರಡು ಪುಟಗಳಲ್ಲಿತ್ತು. ಕೆಲಸ ನಡೆದ ಹೊತ್ತೆಲ್ಲ ಕೆಲಸದ ಹೊತ್ತೇ, ಗಡಿಯಾರ ಅದನ್ನು ತೋರಿಸಲಿ ಬಿಡಲಿ. ನಿಂತ ಹೊತ್ತು ಚೀಟಿಗಳ ಪ್ರಕಾರ ಯಾವ ದಿನವೂ ಅರ್ಧ ಗಂಟೆಗಿಂತ ಕಡಿಮೆಯಿಲ್ಲದ್ದರಿಂದ ಅದನ್ನೇ ಬಿಡುವಾಗಿ ಕೊಡಬೇಕು, ಆಗ ಒಂದು ಯಂತ್ರವೂ ನಡೆಯಕೂಡದು. ಜಯಶೀಲಳಿಗೆ ಪೆಟ್ಟಾದದ್ದು ಕೆಲಸದಲ್ಲಿದ್ದಾಗ, ಅವಳಿಗೆ ಸಲ್ಲಬೇಕಾದ್ದೆಲ್ಲ ಸಲ್ಲಬೇಕು. ಅವಳ ಎರಡು ಬೆರಳು ಆಮೇಲೆ ಮಡಚಲು ಬರಲಿಲ್ಲ. ಆದೇಶಕ್ಕೆ ಅದನ್ನು ಸರಿಮಾಡುವ ಶಕ್ತಿ ಇರಲಿಲ್ಲ. ಕೂತು ಗುಂಡಿ ಆರಿಸುವ ಕೋಣೆಯಲ್ಲಿ ಅವಳಿಗೆ ಕೆಲಸ ಕೊಟ್ಟರು. ಈಗಲೂ ಅಲ್ಲಿದ್ದಾಳೆ, ಒಂದು ಗಂಟೆಗೆ ಎಲ್ಲರಿಗಿಂತ ಮೊದಲು ಬುತ್ತಿ ಬಿಚ್ಚುತ್ತಾಳೆ.

ಬಿಡುವಿನ ವೇಳೆಯನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕು ಎಂದೂ ಆದೇಶದಲ್ಲಿತ್ತು. ಹಲಗೆ ಬರೆಯುವ ಕೆಲಸ ನನಗೇ ಬಂತು. ಬಿಳಿ ಬಣ್ಣದಲ್ಲಿ ದುಂಡಗೆ ಬರೆದೆ: 'ಬಿಡುವು: ಮಧ್ಯಾಹ್ನ ಒಂದು ಗಂಟೆಯಿಂದ ಒಂದು ಗಂಟೆಯವರೆಗೆ.' ಮೂರ್ತಿಯವರು ಬಂದು ಓದಿ, "ಹೊರಗಿನವರು ನೋಡಿದರೆ ನಗುತ್ತಾರೆ ರಂಗಧಾಮಯ್ಯ" ಎಂದರು. ಕೋಪವೇನೂ ಇರಲಿಲ್ಲ. ಆ ಮಾತು ಮುಗಿಸಿ, ಹಾಜರಿ ಪುಸ್ತಕವನ್ನು ನಾಳೆಯಿಂದ ಬೇರೆಯವರು ನೋಡಿಕೊಳ್ಳುತ್ತಾರೆ, ನೀವು ಕಂಬಿ ಹೊಡೆಯುವುದನ್ನು ಮಾತ್ರ ನೋಡಿಕೊಂಡರೆ ಸಾಕು ಎಂದರು. ನಾನು ತಲೆಯಾಡಿಸಿದೆ. ಕೈ ಖಾಲಿಯಾದಂತೆ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ಹಲಗೆ ಹಾಕಿದ ಮೊದಲ ದಿನ ಒಂದು ಗಂಟೆಗೆ ಕಂಬಿ ಹೊಡೆದೆ. ಬೈರಿಗೆಗಳು ಒಂದೊಂದಾಗಿ ಸುಮ್ಮನಾದವು. ಹೆಂಗಸರು ಕೂಡಲೇ ಹೊರಡಲಿಲ್ಲ. ಯಾರಾದರೂ ಬಂದು ಇನ್ನೇನಾದರೂ ಹೇಳುತ್ತಾರೇನೋ ಎಂಬಂತೆ ನಿಂತಿದ್ದರು. ಮೊದಲು ಹೊನ್ನಮ್ಮ ಹೊರಗೆ ನಡೆದಳು. ಹಿಂದೆ ಎಲ್ಲರೂ ಹೋದರು. ಊಟವಾದ ಮೇಲೆ ಅವಳು ಸೆರಗನ್ನು ತಲೆಯ ಕೆಳಗೆ ಮಡಚಿಟ್ಟುಕೊಂಡು ಮಲಗಿದ್ದು ನನ್ನ ಕಿಟಕಿಯಿಂದ ಕಾಣುತ್ತಿತ್ತು. ಎಂಥ ನಿದ್ದೆ! ಬಾಯಿ ಸ್ವಲ್ಪ ತೆರೆದಿತ್ತು. ಯಂತ್ರದ ಮೇಲೆ ಯಾವಾಗಲೂ ಬಿಗಿಯಾಗಿರುತ್ತಿದ್ದ ಬೆರಳುಗಳು ನೆಲದ ಮೇಲೆ ಬಿಡಿಸಿಕೊಂಡು ಬಿದ್ದಿದ್ದವು.

ಮುಳ್ಳು ಅಲುಗಿತು. ಸುತ್ತಿಗೆ ಎತ್ತಿದವನು ಅವಳನ್ನು ನೋಡಿ ಹಾಗೇ ಇಳಿಸಿದೆ. ಒಂದು ನಿಮಿಷ. ಎಷ್ಟು ತಿಂಗಳ ದಣಿವೋ, ಇನ್ನೊಂದು ಸ್ವಲ್ಪ ಮಲಗಲಿ ಎನ್ನಿಸಿತು. ನಾನು ಅವಳಿಗೆ ಕೊಡಬಹುದಾದದ್ದು ಅಷ್ಟೇ ಅಲ್ಲವೇ ಎಂದುಕೊಂಡೆ. ಎರಡು ನಿಮಿಷ. ಆಚೆ ಈಚೆ ನೋಡಿದೆ, ಮೂರ್ತಿಯವರು ಅಲ್ಲಿರಲಿಲ್ಲ. ಕಿಟಕಿಯ ಕಡೆ ತಿರುಗಿದಾಗ ಹೊನ್ನಮ್ಮ ಎದ್ದು ಕೂತಿದ್ದಳು. ಗೋಪುರದ ಗಡಿಯಾರ ಅಲ್ಲಿಂದ ಕಾಣುತ್ತದೆ. ಅವಳು ಅದನ್ನು ನೋಡಿ, ಕೂದಲು ಕಟ್ಟಿಕೊಳ್ಳುತ್ತಾ ನೆಟ್ಟಗೆ ನನ್ನ ಕೋಣೆಯ ಬಾಗಿಲಿಗೆ ಬಂದಳು.

"ಯಾಕಣ್ಣ, ಕಂಬಿ ಹೊಡೀಲಿಲ್ಲ?"

"ಮಲಗಿದ್ದೆಯಲ್ಲ. ಎಬ್ಬಿಸೋಕೆ ಮನಸ್ಸು ಬರಲಿಲ್ಲ."

ಅವಳ ಮುಖದಲ್ಲಿ ನಗು ಬಂತೋ, ಸಿಟ್ಟು ಬಂತೋ, ಎರಡೂ ಒಟ್ಟಿಗೆ ಬಂದವೋ ನನಗೆ ತಿಳಿಯಲಿಲ್ಲ. ವಿಚಾರಣೆಯ ದಿನದ ನಂತರ ಅವಳು ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದ್ದು ಅದೇ ಮೊದಲು.

"ನೀನ್ ಒಳ್ಳೇವ್ನು, ನಂಗೊತ್ತು," ಎಂದಳು. "ಆದ್ರೆ ಈ ಹೊತ್ತು ನಾವು ಕೇಳಿ ತಗಂಡಿದ್ದು. ನಂದು. ಅದರ ಮ್ಯಾಲೆ ಎರಡು ನಿಮಿಷ ನೀನು ದಾನ ಕೊಡಬ್ಯಾಡ. ಇವತ್ತು ನೀನು ಕೊಡ್ತೀಯ, ನಾಳೆ ಇನ್ಯಾರೋ ಕಿತ್ಕಂತಾರೆ. ಹೊಡಿ."

ನಾನು ಸುತ್ತಿಗೆ ಎತ್ತಿಕೊಂಡೆ. ಅವಳು ಬಾಗಿಲಲ್ಲೇ ನಿಂತಿದ್ದಳು. ಕಂಬಿಯ ಸದ್ದು ಪೂರ್ತಿ ಅಡಗಿದ ಮೇಲೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತನ್ನ ಯಂತ್ರದ ಕಡೆಗೆ ನಡೆದಳು.